ನಂಜಿನಿಂದ ಮೂತ್ರಪಿಂಡಗಳ ರಕ್ಷಣೆ: ಇಲಿಗೆ ಮೊದಲೇ ಕೊಟ್ಟ ಮದ್ದು ನಮಗೆ ಹೇಳುವುದೇನು?

ಪೀಣ್ಯ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ ನೆಲೆಸಿರುವ ಸದ್ಭಕ್ತರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಯಂತ್ರಗಳ ಮುಂದೆ ಪಾಳಿಯಲ್ಲಿ ದುಡಿಯುವವರು, ಗಣಕದ ಮುಂದೆ ಇರುಳು ಕಳೆಯುವವರು, ಸಿದ್ಧ ಉಡುಪಿನ ಘಟಕಗಳಲ್ಲಿ ಹೊಲಿಗೆ ಹಾಕುವ ತಾಯಂದಿರು, ಮಕ್ಕಳನ್ನು ನಂಬಿ ಊರು ಬಿಟ್ಟು ಬಂದ ವೃದ್ಧರು ಎಲ್ಲರೂ ಇವರಲ್ಲಿದ್ದಾರೆ. ಇವರಲ್ಲಿ ಬಹಳ ಮಂದಿಗೆ ಒಂದು ರೂಢಿಯುಂಟು. ಜ್ವರವೋ ಮೈಕೈ ನೋವೋ ಬಂದರೆ ಔಷಧದ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗಿ ಕೆಲಸಕ್ಕೆ ಹೊರಡುವುದು. ಕಾಯಕ ತಪ್ಪಬಾರದೆಂಬ ನಿಷ್ಠೆ ಅದರಲ್ಲಿದೆ, ಒಂದು ದಿನದ ಕೂಲಿ ತಪ್ಪೀತೆಂಬ ಅಂಜಿಕೆಯೂ ಇದೆ. ಆದರೆ ಕೆಲವೊಮ್ಮೆ ಆ ಜ್ವರವು ಸಾಮಾನ್ಯ ಜ್ವರವಾಗಿರದೆ, ಎರಡು ಮೂರು ದಿನಗಳಲ್ಲಿ ದೇಹವನ್ನೆಲ್ಲ ವ್ಯಾಪಿಸುವ ನಂಜಾಗಿ ಪರಿಣಮಿಸುತ್ತದೆ. ಆಗ ಮೊದಲು ಸೋಲುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು.

ಇದರ ಜೊತೆಗೆ ಇನ್ನೊಂದು ಮಾತೂ ಈಚೆಗೆ ಕಿವಿಗೆ ಬೀಳುತ್ತಿದೆ. ಇಂಥ ಮದ್ದನ್ನು ಮೊದಲೇ ಕೊಟ್ಟಾಗ ಇಲಿಗಳ ಮೂತ್ರಪಿಂಡ ನಂಜಿನಿಂದ ಪಾರಾಯಿತು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿಯೂ ಮೊಬೈಲ್‌ಗಳಲ್ಲಿಯೂ ಸುಳಿದಾಡುತ್ತವೆ. ಅವನ್ನೇ ಆಧಾರವಾಗಿಸಿಕೊಂಡು ಕಷಾಯ, ಪುಡಿ, ಮಾತ್ರೆಗಳನ್ನು ಮಾರುವವರೂ ಇದ್ದಾರೆ. ಈ ಸುದ್ದಿಗಳಲ್ಲಿ ಸತ್ಯವೆಷ್ಟು, ಆ ಸತ್ಯದಿಂದ ನಮಗೆ ಆಗಬಹುದಾದ ಉಪಯೋಗವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ನಂಜು ಎಂದರೇನು?

ವೈದ್ಯರು ಸೆಪ್ಸಿಸ್ ಎಂದು ಕರೆಯುವ ಸ್ಥಿತಿಯನ್ನು ನಾವು ಇಲ್ಲಿ ನಂಜು ಎಂದು ಕರೆದಿದ್ದೇವೆ. ಇದು ಕೇವಲ ಸೋಂಕಲ್ಲ. ಶ್ವಾಸಕೋಶದಲ್ಲಿ, ಮೂತ್ರನಾಳದಲ್ಲಿ, ಕರುಳಿನಲ್ಲಿ ಅಥವಾ ಕಾಲಿನ ಒಂದು ಗಾಯದಲ್ಲಿ ಹುಟ್ಟಿದ ಸೋಂಕನ್ನು ಎದುರಿಸಲು ಹೊರಟ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ತನ್ನ ಅಂಗಗಳನ್ನೇ ಘಾಸಿಗೊಳಿಸುವ ಸ್ಥಿತಿ ಇದು. 2016ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ವ್ಯಾಖ್ಯಾನದ ಸಾರವೂ ಇದೇ. ಮನೆಗೆ ನುಗ್ಗಿದ ಕಳ್ಳನನ್ನು ಓಡಿಸಲು ಹಚ್ಚಿದ ಪಂಜಿನಿಂದ ಮನೆಯೇ ಹೊತ್ತಿಕೊಂಡಂತೆ ಎನ್ನಬಹುದು.

2017ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ನಂಜು ತಗಲಿತ್ತು, ಸುಮಾರು 1.1 ಕೋಟಿ ಮರಣಗಳಿಗೆ ಅದರ ಸಂಬಂಧವಿತ್ತು ಎಂದು ಅಂದಾಜಿಸಲಾಗಿದೆ. ಅಂದರೆ ಸಂಭವಿಸಿದ ಪ್ರತಿ ಐದು ಸಾವುಗಳಲ್ಲಿ ಒಂದರ ಹಿಂದೆ ನಂಜು ಇತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಭೆಯು ನಂಜಿನ ತಡೆ ಮತ್ತು ಚಿಕಿತ್ಸೆಗೆ ಆದ್ಯತೆ ನೀಡಬೇಕೆಂದು ಸದಸ್ಯ ರಾಷ್ಟ್ರಗಳನ್ನು ಕೋರುವ ನಿರ್ಣಯವನ್ನು ಅಂಗೀಕರಿಸಿತು.

ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಬಗೆ

ನಮ್ಮ ಎರಡು ಮೂತ್ರಪಿಂಡಗಳು ಒಂದೊಂದೂ ಮುಷ್ಟಿಗಾತ್ರದವು. ಪ್ರತಿಯೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಹೃದಯವು ಹೊರಗೆ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಭಾಗ ಈ ಎರಡು ಚಿಕ್ಕ ಅಂಗಗಳಿಗೇ ಹರಿಯುತ್ತದೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೊರಬರುತ್ತದೆ. ಅದರಲ್ಲಿ ಬಹುಪಾಲನ್ನು ಸೋಸುಕಕ್ಕೆ ಅಂಟಿಕೊಂಡ ಸಣ್ಣ ನಾಳಗಳು ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಹೀರಿಕೊಳ್ಳುವ ಈ ಕೆಲಸಕ್ಕೆ ಅಪಾರ ಶಕ್ತಿ ಬೇಕು. ಆದಕಾರಣ ಆ ನಾಳಗಳ ಜೀವಕೋಶಗಳು ಸದಾ ದುಡಿಯುತ್ತಿರುತ್ತವೆ, ಆಮ್ಲಜನಕ ಸ್ವಲ್ಪ ಕಡಿಮೆಯಾದರೂ ಬಳಲುತ್ತವೆ.

ನಂಜಿನಲ್ಲಿ ರಕ್ತದೊತ್ತಡ ಕುಸಿದು, ರಕ್ತ ಸಾಲದೆ ಮೂತ್ರಪಿಂಡ ಸೊರಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಕುರಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ನಂಬಿಕೆಯನ್ನು ಅಲುಗಿಸಿತು. ನಂಜೇರಿದ ಕುರಿಗಳಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುವ ಬದಲು ಹೆಚ್ಚಿತ್ತು, ಆದರೂ ಮೂತ್ರಪಿಂಡಗಳು ಸೋತಿದ್ದವು. ಒಟ್ಟು ರಕ್ತ ಹೆಚ್ಚಿದ್ದರೂ ಕೂದಲೆಳೆಗಿಂತ ಸಣ್ಣ ರಕ್ತನಾಳಗಳಲ್ಲಿ ಹಂಚಿಕೆ ಕೆಡುವುದು, ಬ್ಯಾಕ್ಟೀರಿಯಾದ ಹೊರಪೊರೆಯ ವಿಷವನ್ನು ಗುರುತಿಸಿದ ಜೀವಕೋಶಗಳು ಉರಿಯೂತಕ್ಕೆ ಒಳಗಾಗುವುದು, ಕೋಶಗಳ ಶಕ್ತಿಕೇಂದ್ರಗಳು ಬಳಲಿ ಕೆಲಸ ನಿಲ್ಲಿಸುವುದು, ಇವು ಕೂಡಿ ಹಾನಿ ಮಾಡುತ್ತವೆ ಎಂಬ ತಿಳಿವಳಿಕೆ ಈಗ ಬಲಗೊಂಡಿದೆ. ಹಾನಿಗೆ ಕಾರಣ ಹಲವು ಇರುವುದರಿಂದಲೇ ಒಂದೇ ಮದ್ದಿನಿಂದ ಅದನ್ನು ತಡೆಯುವುದು ಕಠಿಣವಾಗಿದೆ.

ಪ್ರಯೋಗಾಲಯದ ಪೂರ್ವಚಿಕಿತ್ಸೆ

ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮಸಂದ್ರ, ಜಿಗಣಿಗಳ ಕಡೆಗೆ ಹೋಗುವವರು ಬಯೋಕಾನ್, ಸಿಂಜೀನ್ ಮೊದಲಾದ ಸಂಸ್ಥೆಗಳ ಕಟ್ಟಡಗಳನ್ನು ನೋಡಿಯೇ ಇರುತ್ತಾರೆ. ಔಷಧ ಸಂಶೋಧನೆಯ ಕೆಲಸದಲ್ಲಿ ಈ ಭಾಗದ ಅನೇಕ ಯುವಕ ಯುವತಿಯರು ತೊಡಗಿದ್ದಾರೆ. ಹೊಸ ಔಷಧವೊಂದು ಮನುಷ್ಯನನ್ನು ತಲುಪುವ ಮುನ್ನ ಸಾಮಾನ್ಯವಾಗಿ ಪ್ರಾಣಿಗಳ ಮೇಲಿನ ಪರೀಕ್ಷೆಯನ್ನು ದಾಟಬೇಕಾಗುತ್ತದೆ. ನಂಜಿನ ಸಂಶೋಧನೆಯಲ್ಲಿ ಜಗತ್ತಿನ ಪ್ರಯೋಗಾಲಯಗಳು ಮುಖ್ಯವಾಗಿ ಎರಡು ವಿಧಾನಗಳನ್ನು ಅನುಸರಿಸುತ್ತವೆ. ಮೊದಲನೆಯದು, ಬ್ಯಾಕ್ಟೀರಿಯಾದ ಹೊರಪೊರೆಯ ವಿಷವನ್ನು ಇಲಿಗೆ ಚುಚ್ಚುವುದು. ಎರಡನೆಯದು, ಅರಿವಳಿಕೆ ಕೊಟ್ಟು, ದೊಡ್ಡ ಕರುಳಿನ ಆರಂಭದ ಚೀಲವನ್ನು ದಾರದಿಂದ ಕಟ್ಟಿ ಸೂಜಿಯಿಂದ ರಂಧ್ರ ಮಾಡುವುದು. ಒಳಗಿನ ಕಲ್ಮಷ ಹೊಟ್ಟೆಗೆ ಸೋರಿ, ಮನುಷ್ಯನಲ್ಲಿ ಕರುಳು ತೂತಾದಾಗ ಉಂಟಾಗುವಂಥ ನಂಜು ಹುಟ್ಟುತ್ತದೆ.

ಪೂರ್ವಚಿಕಿತ್ಸೆ ಎಂದರೆ ಈ ಪೆಟ್ಟು ಬೀಳುವ ಮುಂಚೆಯೇ ಮದ್ದನ್ನು ಕೊಟ್ಟಿರುವುದು. ಇದಕ್ಕೆ ಒಳ್ಳೆಯ ಉದಾಹರಣೆಯೊಂದಿದೆ. ಕೊಲೆಸ್ಟರಾಲ್ ತಗ್ಗಿಸಲು ಬಳಸುವ ಸ್ಟ್ಯಾಟಿನ್ ಜಾತಿಯ ಸಿಮ್ವಾಸ್ಟ್ಯಾಟಿನ್ ಮಾತ್ರೆ ಬಹು ಜನರಿಗೆ ಪರಿಚಿತ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ವಯಸ್ಸಾದ ಇಲಿಗಳಿಗೆ ಅದನ್ನು ಮೊದಲೇ ಕೊಟ್ಟು, ಅನಂತರ ಕರುಳಿನ ಚೀಲವನ್ನು ಚುಚ್ಚಿ ನಂಜು ಉಂಟುಮಾಡಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮದ್ದು ಪಡೆದ ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿದವು, ಅವುಗಳ ಮೂತ್ರಪಿಂಡಕ್ಕೆ ಆದ ಹಾನಿ ಕಡಿಮೆಯಿತ್ತು, ಸಣ್ಣ ರಕ್ತನಾಳಗಳಲ್ಲಿ ರಕ್ತದ ಹರಿವು ಉತ್ತಮವಾಗಿತ್ತು. ಬೇರೆ ಬೇರೆ ಮದ್ದುಗಳನ್ನು ಬಳಸಿದ ಇಂಥ ಅನೇಕ ಅಧ್ಯಯನಗಳು ಇವೆ. ಇವು ಸುಳ್ಳಲ್ಲ. ರೋಗ ಹೇಗೆ ಬೆಳೆಯುತ್ತದೆ, ಅದರ ಯಾವ ಕೊಂಡಿಯನ್ನು ಕತ್ತರಿಸಿದರೆ ಹಾನಿ ತಗ್ಗುತ್ತದೆ ಎಂಬುದನ್ನು ಇವು ನಮಗೆ ಕಲಿಸಿವೆ.

ಮನುಷ್ಯರಲ್ಲಿ ಕಂಡದ್ದು

ಹಾಗಾದರೆ ಅದೇ ಮದ್ದು ಮನುಷ್ಯರಿಗೂ ಫಲಿಸಬೇಕಲ್ಲವೇ? ಅದನ್ನೂ ಪರೀಕ್ಷಿಸಲಾಗಿದೆ. ನಂಜಿನಿಂದ ಶ್ವಾಸಕೋಶ ತೀವ್ರವಾಗಿ ಕೆಟ್ಟಿದ್ದ 745 ರೋಗಿಗಳಲ್ಲಿ ರೋಸುವಾಸ್ಟ್ಯಾಟಿನ್ ಎಂಬ ಇನ್ನೊಂದು ಸ್ಟ್ಯಾಟಿನ್ ಮಾತ್ರೆಯನ್ನು ಪರೀಕ್ಷಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮರಣದ ಪ್ರಮಾಣ ತಗ್ಗಲಿಲ್ಲ. ಮೂತ್ರಪಿಂಡಗಳು ಸರಿಯಾಗಿದ್ದ ದಿನಗಳ ಸಂಖ್ಯೆಯು ಮಾತ್ರೆ ಪಡೆದವರಲ್ಲಿ ಸ್ವಲ್ಪ ಕಡಿಮೆಯೇ ಇತ್ತು. ಎರಿಟೋರಾನ್ ಎಂಬ ಔಷಧದ ಕಥೆಯೂ ಹೀಗೆಯೇ. ಬ್ಯಾಕ್ಟೀರಿಯಾದ ವಿಷವನ್ನು ಗುರುತಿಸುವ ಬಾಗಿಲನ್ನೇ ಮುಚ್ಚುವ ಮದ್ದು ಅದು. ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ್ದರೂ, ಸುಮಾರು ಎರಡು ಸಾವಿರ ರೋಗಿಗಳ ಮೇಲಿನ ಪ್ರಯೋಗದಲ್ಲಿ ಸಾವನ್ನು ತಗ್ಗಿಸಲಿಲ್ಲವೆಂದು 2013ರಲ್ಲಿ ತಿಳಿದುಬಂತು. ಮೂತ್ರಪಿಂಡ ಕಾಯುತ್ತದೆಂಬ ನಂಬಿಕೆಯಿಂದ ತೀವ್ರ ನಿಗಾ ಘಟಕಗಳಲ್ಲಿ ವರ್ಷಗಟ್ಟಲೆ ಕೊಡುತ್ತಿದ್ದ ಅಲ್ಪ ಪ್ರಮಾಣದ ಡೋಪಮಿನ್‌ನಿಂದ ಅಂಥ ಪ್ರಯೋಜನವಿಲ್ಲವೆಂದು 2000ದಲ್ಲಿಯೇ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ವೈದ್ಯರು ತೋರಿಸಿದ್ದರು.

ನಮ್ಮ ನೆರೆಯ ಉದಾಹರಣೆಯೊಂದನ್ನೂ ಹೇಳಬೇಕು. ನಂಜಿನ ಕಾಲದಲ್ಲಿ ರಕ್ತದಲ್ಲಿ ತುಂಬುವ ಉರಿಯೂತದ ರಾಸಾಯನಿಕಗಳನ್ನು ಹೀರಿ ತೆಗೆಯುವ ಸೈಟೋಸಾರ್ಬ್ ಎಂಬ ಸಾಧನವಿದೆ. 2020ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಗಂಭೀರ ಸ್ಥಿತಿಗೆ ತಲುಪಿದವರಿಗೆ ತುರ್ತು ಸಂದರ್ಭದಲ್ಲಿ ಅದನ್ನು ಬಳಸಲು ಬಯೋಕಾನ್ ಬಯಾಲಜಿಕ್ಸ್ ಸಂಸ್ಥೆಗೆ ಕೇಂದ್ರ ಔಷಧ ನಿಯಂತ್ರಕರಿಂದ ಅನುಮತಿ ದೊರೆಯಿತು. ಅದರ ಹಿಂದಿನ ವಿಚಾರ ತರ್ಕಬದ್ಧವಾದುದೇ. ಆದರೆ ನಂಜಿನ ರೋಗಿಗಳ ಪ್ರಾಣವನ್ನು ಅದು ಹೆಚ್ಚಾಗಿ ಉಳಿಸುತ್ತದೆಂಬುದು ದೊಡ್ಡ ಪ್ರಯೋಗಗಳಲ್ಲಿ ದೃಢಪಟ್ಟಿಲ್ಲ. ತರ್ಕ ಸರಿಯಿದ್ದ ಮಾತ್ರಕ್ಕೆ ಫಲ ಖಚಿತವಲ್ಲವೆಂಬುದನ್ನು ನಂಜಿನ ವೈದ್ಯಶಾಸ್ತ್ರವು ಮತ್ತೆ ಮತ್ತೆ ಕಂಡಿದೆ.

ಈ ಅಂತರಕ್ಕೆ ಕಾರಣಗಳನ್ನು ತಿಳಿಯುವುದು ಕಷ್ಟವಲ್ಲ. ಪ್ರಯೋಗದ ಇಲಿಗಳಲ್ಲಿ ಬಹುಪಾಲು ಎಳೆಯವು, ಆರೋಗ್ಯವಂತವು, ಒಂದೇ ವಂಶದವು. ನಮ್ಮ ಆಸ್ಪತ್ರೆಗಳಲ್ಲಿ ನಂಜಿನಿಂದ ಮಲಗಿರುವವರಲ್ಲಿ ಅನೇಕರು ವಯಸ್ಸಾದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಹಲವು ಮಾತ್ರೆಗಳನ್ನು ಸೇವಿಸುತ್ತಿರುವವರು. ಬ್ಯಾಕ್ಟೀರಿಯಾದ ವಿಷವನ್ನು ಇಲಿ ಮನುಷ್ಯನಿಗಿಂತ ಬಹಳ ಹೆಚ್ಚು ಸಹಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಕಾಲ. ಪ್ರಯೋಗಾಲಯದಲ್ಲಿ ನಂಜು ಯಾವ ಗಂಟೆಗೆ ಆರಂಭವಾಗುತ್ತದೆಂಬುದು ವಿಜ್ಞಾನಿಗೆ ಗೊತ್ತು, ಏಕೆಂದರೆ ಆರಂಭಿಸುವವನು ಅವನೇ. ಆದ್ದರಿಂದ ಅವನು ಹಿಂದಿನ ದಿನವೇ ಮದ್ದು ಕೊಡಬಲ್ಲ. ಪೀಣ್ಯದ ಕಾರ್ಮಿಕನಿಗೆ ಯಾವ ದಿನ ಸೋಂಕು ತಗಲುತ್ತದೆಂದು ಯಾರೂ ಅರಿಯರು. ಅವನು ವೈದ್ಯರ ಬಳಿ ಬರುವ ಹೊತ್ತಿಗೆ ಸೋಂಕು ಹಬ್ಬಿರುತ್ತದೆ, ಮೂತ್ರಪಿಂಡದ ಹಾನಿಯೂ ಹಲವೊಮ್ಮೆ ಆರಂಭವಾಗಿರುತ್ತದೆ. ಹಾನಿಯನ್ನು ಅಳೆಯಲು ನಾವು ಬಳಸುವ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ ಅಂಕಿ ಏರುವುದೂ ಹಾನಿ ಆರಂಭವಾಗಿ ಬಹು ಹೊತ್ತು ಕಳೆದ ಮೇಲೆಯೇ.

ದಿನಾಂಕ ಮೊದಲೇ ಗೊತ್ತಿರುವ ಸಂದರ್ಭವೂ ಉಂಟು, ಅದು ಹೃದಯದ ಶಸ್ತ್ರಚಿಕಿತ್ಸೆ. ಅಲ್ಲಿಯೂ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ, ಅಲ್ಲಿ ಪೂರ್ವಚಿಕಿತ್ಸೆ ಸಾಧ್ಯ. 1,922 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ರೋಸುವಾಸ್ಟ್ಯಾಟಿನ್ ಪಡೆದವರಲ್ಲಿ ಮೂತ್ರಪಿಂಡದ ತೊಂದರೆ ಕಡಿಮೆಯಾಗದೆ ಹೆಚ್ಚಾಗಿ ಕಂಡುಬಂತು. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಮೈನೋ ಆಮ್ಲಗಳನ್ನು ರಕ್ತನಾಳದ ಮೂಲಕ ಕೊಟ್ಟಾಗ ಮೂತ್ರಪಿಂಡದ ಹಾನಿಯು ನೂರರಲ್ಲಿ ಸುಮಾರು 32 ಮಂದಿಯಿಂದ 27 ಮಂದಿಗೆ ಇಳಿಯಿತೆಂದು, 3,511 ರೋಗಿಗಳ ಅಧ್ಯಯನ 2024ರಲ್ಲಿ ವರದಿ ಮಾಡಿದೆ. ಇದು ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ ಮಾತು, ನಂಜಿಗೆ ಅನ್ವಯಿಸುವುದಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೃದಯದ ಕಾರಣಕ್ಕಾಗಿ ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಈ ಲೇಖನ ಓದಿ ಯಾರೂ ನಿಲ್ಲಿಸಬಾರದು. ಅದರ ಉಪಯೋಗ ಬೇರೆ, ಆ ಉಪಯೋಗ ಸಿದ್ಧವಾದುದು.

ಮೂಕಜೀವಿಗಳ ಋಣ

ಇಂಥ ಪ್ರಯೋಗಗಳ ವಿಷಯ ಓದುವಾಗ ಭಕ್ತರ ಮನಸ್ಸು ಮರುಗುವುದು ಸಹಜ. ಮೂಕಪ್ರಾಣಿಗೆ ನೋವು ಕೊಟ್ಟು ಪಡೆದ ಜ್ಞಾನ ನಮಗೆ ಬೇಕೇ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆಗೆ ರಾಷ್ಟ್ರೀಯ ಸಮಿತಿಯಿದೆ, ಪ್ರಯೋಗ ನಡೆಸುವ ಸಂಸ್ಥೆಗಳಲ್ಲಿ ನೈತಿಕ ಸಮಿತಿಗಳಿರಬೇಕು. ಸಾಧ್ಯವಿದ್ದಲ್ಲಿ ಪ್ರಾಣಿಗೆ ಬದಲಿ ವಿಧಾನ ಹುಡುಕುವುದು, ಪ್ರಾಣಿಗಳ ಸಂಖ್ಯೆ ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು ಎಂಬ ಮೂರು ತತ್ತ್ವಗಳನ್ನು ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು 1959ರಲ್ಲಿಯೇ ಮುಂದಿಟ್ಟರು. 2023ರಲ್ಲಿ ಭಾರತ ಸರ್ಕಾರವು ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಮನುಷ್ಯ ಜೀವಕೋಶಗಳಿಂದ ರೂಪಿಸಿದ ಕೃತಕ ಅಂಗ ಮೊದಲಾದ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ಕಲ್ಪಿಸಿದೆ.

ವಿಜ್ಞಾನಿಗಳೂ ತಮ್ಮ ವಿಧಾನವನ್ನು ತಾವೇ ಪ್ರಶ್ನಿಸಿಕೊಂಡಿದ್ದಾರೆ. ನಂಜಿನ ಪ್ರಾಣಿ ಅಧ್ಯಯನಗಳಿಗೆ ಕನಿಷ್ಠ ಗುಣಮಟ್ಟವನ್ನು ಗೊತ್ತುಪಡಿಸಿ ಅಂತಾರಾಷ್ಟ್ರೀಯ ತಜ್ಞರು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಮದ್ದನ್ನು ನಂಜು ಆರಂಭವಾದ ಅನಂತರ ಕೊಟ್ಟು ಪರೀಕ್ಷಿಸಬೇಕೆಂದೂ, ರೋಗಿಗೆ ಕೊಡುವಂತೆ ಪ್ರಾಣಿಗೂ ದ್ರವ, ಪ್ರತಿಜೀವಕ, ನೋವು ನಿವಾರಕ ಕೊಡಬೇಕೆಂದೂ ಸೂಚಿಸಲಾಗಿದೆ. ಮನುಷ್ಯನಿಗೆ ಉಪಯೋಗವಾಗದ ರೀತಿಯಲ್ಲಿ ನಡೆಸಿದ ಪ್ರಯೋಗದಲ್ಲಿ ಪ್ರಾಣಿಯ ನೋವೂ ವ್ಯರ್ಥ, ರೋಗಿಯ ಆಸೆಯೂ ವ್ಯರ್ಥ. ಇಲಿಗಳಿಂದ ಕಲಿತ ಪಾಠವನ್ನು ಮರೆತು ಅವುಗಳ ಹೆಸರಿನಲ್ಲಿ ಪುಡಿ ಮಾರುವುದು ಆ ಋಣಕ್ಕೆ ಮಾಡುವ ಅಪಚಾರವೇ ಸರಿ.

ನಮ್ಮ ಪಾಲಿನ ಪೂರ್ವಚಿಕಿತ್ಸೆ

ಆ ಪಾಠ ಯಾವುದು? ಮೂತ್ರಪಿಂಡವನ್ನು ಕಾಯುವುದರಲ್ಲಿ ಮದ್ದಿನಷ್ಟೇ ಮುಖ್ಯವಾದುದು ಸಮಯ ಎಂಬುದು. ಇಲಿಗೆ ವಿಜ್ಞಾನಿ ಮುಂಚಿತವಾಗಿ ಮದ್ದು ಕೊಟ್ಟ. ನಮಗೆ ಆ ಮುಂಚಿತತನವನ್ನು ಒದಗಿಸಿಕೊಡುವ ಮಾತ್ರೆ ಇಂದಿಗೂ ಇಲ್ಲ. ಆದರೆ ನಮ್ಮ ನಡವಳಿಕೆಯಿಂದ ಅದನ್ನು ಬಹುಮಟ್ಟಿಗೆ ಗಳಿಸಿಕೊಳ್ಳಬಹುದು.

ಮೊದಲನೆಯದಾಗಿ, ಸೋಂಕಿಗೆ ಎಡೆಗೊಡದಿರುವುದು. ಮಧುಮೇಹವನ್ನು ಹತೋಟಿಯಲ್ಲಿಡುವುದು, ಕಾಲಿನ ಗಾಯವನ್ನು ಅಲಕ್ಷಿಸದಿರುವುದು, ವೃದ್ಧರಿಗೆ ವೈದ್ಯರ ಸಲಹೆಯಂತೆ ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸುವುದು ಇದರಲ್ಲಿ ಸೇರುತ್ತವೆ. ಶೌಚಾಲಯಕ್ಕೆ ಹೋಗಲು ಬಿಡುವು ಸಿಗದೆಂದು ಪಾಳಿಯುದ್ದಕ್ಕೂ ನೀರು ಕುಡಿಯದೆ, ಮೂತ್ರವನ್ನು ಕಟ್ಟಿಕೊಂಡು ದುಡಿಯುವ ತಾಯಂದಿರು ಮೂತ್ರನಾಳದ ಸೋಂಕಿಗೆ ಸುಲಭವಾಗಿ ತುತ್ತಾಗುತ್ತಾರೆ. ನೀರು ಮತ್ತು ಶೌಚದ ಬಿಡುವು ಅವರ ಹಕ್ಕು. ಅದನ್ನು ಕೇಳಲು ಸಂಕೋಚಪಡಬಾರದು, ಉಸ್ತುವಾರಿಯ ಸ್ಥಾನದಲ್ಲಿರುವ ಭಕ್ತರು ಅದನ್ನು ಕೇಳಿಸಿಕೊಳ್ಳದೆಯೇ ಒದಗಿಸಬೇಕು.

ಎರಡನೆಯದಾಗಿ, ಮೂತ್ರಪಿಂಡಕ್ಕೆ ನಾವೇ ಪೆಟ್ಟು ಕೊಡದಿರುವುದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವ ರಾಸಾಯನಿಕವನ್ನು ತಡೆಯುತ್ತವೆ. ಆರೋಗ್ಯವಂತನಿಗೆ ಒಂದೆರಡು ಮಾತ್ರೆಯಿಂದ ಸಾಮಾನ್ಯವಾಗಿ ತೊಂದರೆಯಾಗದು. ಜ್ವರ, ವಾಂತಿ, ಭೇದಿಗಳಿಂದ ದೇಹದ ನೀರು ಬತ್ತಿದಾಗ ಅವೇ ಮಾತ್ರೆಗಳು ಮೂತ್ರಪಿಂಡವನ್ನು ಕೆಡಿಸಬಲ್ಲವು. ಡೆಂಗಿ ಜ್ವರದಲ್ಲಿ ರಕ್ತಸ್ರಾವಕ್ಕೂ ಕಾರಣವಾಗಬಲ್ಲವು. ಜ್ವರಕ್ಕೆ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಹೆಚ್ಚು ಸುರಕ್ಷಿತ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಅಂಥ ದಿನಗಳಲ್ಲಿ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಬೇಕು, ತಾನಾಗಿ ನಿರ್ಧರಿಸಬಾರದು. ಗಿಡಮೂಲಿಕೆಯಾದುದರಿಂದ ಅಪಾಯವಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಈಶ್ವರಬಳ್ಳಿಯ ಜಾತಿಯ ಸಸ್ಯಗಳಲ್ಲಿರುವ ಆಮ್ಲವೊಂದು ಮೂತ್ರಪಿಂಡವನ್ನು ಶಾಶ್ವತವಾಗಿ ಹಾಳುಮಾಡುತ್ತದೆಂಬುದು ಸಿದ್ಧಪಟ್ಟ ಸಂಗತಿ.

ಮೂರನೆಯದಾಗಿ, ಲಕ್ಷಣಗಳನ್ನು ಬೇಗ ಗುರುತಿಸುವುದು. ಜ್ವರ ಅಥವಾ ಸೋಂಕು ಇರುವವರಲ್ಲಿ ಈ ಕೆಳಗಿನವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು: ಮೈ ನಡುಗಿಸುವ ಚಳಿ, ನಿಮಿಷಕ್ಕೆ 22ಕ್ಕಿಂತ ಹೆಚ್ಚು ಉಸಿರಾಟ, ಮಾತು ತೊದಲುವುದು ಅಥವಾ ಗೊಂದಲ, ಎದ್ದು ನಿಂತರೆ ತಲೆ ಸುತ್ತುವಷ್ಟು ನಿಶ್ಶಕ್ತಿ, ತಣ್ಣಗಾದ ಕೈಕಾಲು, ಮೂತ್ರ ಕಡಿಮೆಯಾಗುವುದು. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರಿಯ ಮಂಕುತನವೂ ನಂಜಿನ ಮೊದಲ ಗುರುತಾಗಿರಬಹುದು. ಮೂತ್ರದ ಲೆಕ್ಕವನ್ನು ಮನೆಯಲ್ಲಿಯೂ ಇಡಬಹುದು. 60 ಕಿಲೋ ತೂಕದ ವ್ಯಕ್ತಿಗೆ ಆರು ಗಂಟೆಯಲ್ಲಿ 180 ಮಿಲಿಲೀಟರ್, ಅಂದರೆ ಸುಮಾರು ಒಂದು ಲೋಟದಷ್ಟೂ ಮೂತ್ರ ಬಾರದಿದ್ದರೆ ಮೂತ್ರಪಿಂಡ ಕಷ್ಟದಲ್ಲಿದೆ ಎಂದು ತಿಳಿಯಬೇಕು.

ನಾಲ್ಕನೆಯದಾಗಿ, ಸೂಕ್ತ ಸ್ಥಳಕ್ಕೆ ಬೇಗ ತಲುಪುವುದು. ರಕ್ತದೊತ್ತಡ ಕುಸಿದ ನಂಜಿನಲ್ಲಿ ಒಂದು ಗಂಟೆಯೊಳಗೆ ಪ್ರತಿಜೀವಕ ಕೊಡಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಕಾಲದ ಪ್ರತಿಜೀವಕ, ಬೇಕಾದಷ್ಟು ದ್ರವ, ಸೋಂಕಿನ ಮೂಲವನ್ನು ತೆಗೆಯುವುದು, ಮೂತ್ರಪಿಂಡಕ್ಕೆ ಹಾನಿಕರವಾದ ಮದ್ದುಗಳನ್ನು ದೂರವಿಡುವುದು, ಇವೇ ಇಂದಿಗೂ ಮೂತ್ರಪಿಂಡವನ್ನು ಕಾಯುವ ನಂಬಿಕೆಯ ಉಪಾಯಗಳು. ಅಗತ್ಯ ಬಿದ್ದರೆ ಡಯಾಲಿಸಿಸ್ ಕೆಲಕಾಲ ಮೂತ್ರಪಿಂಡದ ಕೆಲಸ ಮಾಡುತ್ತದೆ. ಗಂಭೀರ ಲಕ್ಷಣ ಕಂಡಾಗ 108ಕ್ಕೆ ಕರೆ ಮಾಡಿ. ಇ.ಎಸ್.ಐ. ಯೋಜನೆಯಲ್ಲಿರುವ ಕಾರ್ಮಿಕರಿಗೆ ಪೀಣ್ಯ ಮತ್ತು ರಾಜಾಜಿನಗರಗಳಲ್ಲಿ ಆಸ್ಪತ್ರೆಗಳಿವೆ. ಅರ್ಹ ಕಾರ್ಮಿಕನಿಗೆ ಕಾಯಿಲೆಯ ರಜೆಯ ಕಾಲದಲ್ಲಿ, ವರ್ಷಕ್ಕೆ 91 ದಿನಗಳವರೆಗೆ, ವೇತನದ ಶೇಕಡ 70ರಷ್ಟು ನಗದು ಸೌಲಭ್ಯವೂ ಈ ಯೋಜನೆಯಲ್ಲಿದೆ. ಕೂಲಿ ತಪ್ಪುವ ಅಂಜಿಕೆಯಿಂದ ಜ್ವರವನ್ನು ಮುಚ್ಚಿಡುವವರು ಈ ಹಕ್ಕನ್ನು ಅರಿತಿರಬೇಕು.

ಕೊನೆಯದಾಗಿ, ನಂಜಿನಿಂದ ಗುಣವಾಗಿ ಮನೆಗೆ ಮರಳಿದವರು ಅಲ್ಲಿಗೇ ನಿಲ್ಲಬಾರದು. ಒಮ್ಮೆ ಪೆಟ್ಟು ತಿಂದ ಮೂತ್ರಪಿಂಡ ಮುಂದೆ ನಿಧಾನವಾಗಿ ಕ್ಷೀಣಿಸುವ ಸಂಭವ ಹೆಚ್ಚು. ಮೂರು ತಿಂಗಳ ಅನಂತರ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸುವುದನ್ನು ಮರೆಯಬಾರದು.

ನಂಜಿನಿಂದ ಮೂತ್ರಪಿಂಡವನ್ನು ಕಾಯುವ ಮದ್ದೊಂದು ಮುಂದೆ ದೊರೆತರೆ ಅದು ಲೋಕಕ್ಕೆ ದೊಡ್ಡ ಉಪಕಾರವೇ. ಅದು ದೊರೆಯುವ ತನಕ, ಜ್ವರದ ಮೊದಲ ದಿನವೇ ಜಾಗೃತರಾಗುವುದು ನಮ್ಮ ಕೈಯಲ್ಲಿದೆ. ಕಾಯಕ್ಕೆ ಕ್ಷೇಮವಿದ್ದರೆ ತಾನೆ ಕಾಯಕ? ಚಿಕಿತ್ಸೆಗಾಗಿ ಒಂದು ದಿನದ ಕೆಲಸ ಬಿಟ್ಟರೆ ಕಾಯಕಕ್ಕೆ ಲೋಪ ಬಾರದು. ಮುಂದಿನ ಸಾವಿರ ದಿನಗಳ ಕಾಯಕವನ್ನು ಉಳಿಸಿಕೊಳ್ಳುವ ದಾರಿ ಅದೇ. ಈ ಮಾತನ್ನು ಭಕ್ತರು ತಮ್ಮ ಮನೆಯಲ್ಲಿಯೂ ತಮ್ಮ ಜೊತೆ ದುಡಿಯುವವರಲ್ಲಿಯೂ ಹಂಚಿಕೊಳ್ಳಬೇಕೆಂದು ನಾವು ಕೋರುತ್ತೇವೆ.